ಗರಾಜಿನಲ್ಲಿ ತೂಗುವ ಜಿಂಕೆ ಯಾರ ಸ್ವತ್ತು?

ಪ್ರಶ್ನೆ: ನಾನು ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿರುವ ಮಗನ ಮನೆಗೆ ಸೆಪ್ಟೆಂಬರಿನಲ್ಲಿ ಆರು ತಿಂಗಳಿಗೆಂದು ಬಂದಿದ್ದೇನೆ. ಬಂದ ಹೊಸದರಲ್ಲಿ ಮಗನ ಜೊತೆ ಕೆರೆಯಲ್ಲಿ ಗಾಳ ಹಾಕಿ ಕೂತಿದ್ದಾಗ ವಾರ್ಡನ್ (ಬೇಟೆ, ಮೀನಿನ ಕಾನೂನು ಕಾಯುವ ಅಧಿಕಾರಿ) ಬಂದು ಲೈಸೆನ್ಸ್ ಕೇಳಿದ. ಮಗನ ಹತ್ತಿರ ಇತ್ತು, ನನ್ನ ಹತ್ತಿರ ಇರಲಿಲ್ಲ; ಎಚ್ಚರಿಕೆ ಕೊಟ್ಟು ಬಿಟ್ಟ. ನವೆಂಬರಿನಲ್ಲಿ ಪಕ್ಕದ ಮನೆಯವರು ಜಿಂಕೆ ಹೊಡೆದು ತಂದು ಗರಾಜಿನಲ್ಲಿ ನೇತುಹಾಕಿದರು. ಕೇಳಿದರೆ, ‘ಇದು ರಾಜ್ಯದ ಸಂವಿಧಾನ ಕೊಟ್ಟ ಹಕ್ಕು, ಇಲ್ಲಿ ಕಾಡು ಉಳಿದಿರುವುದೇ ನಮ್ಮಂಥವರ ದುಡ್ಡಿನಿಂದ’ ಎಂದರು. ಹಕ್ಕು ಎಂದಮೇಲೆ ಲೈಸೆನ್ಸ್ ಯಾಕೆ? ಕಾಡುಪ್ರಾಣಿ ಇಲ್ಲಿ ಯಾರ ಸ್ವತ್ತು? ನಮ್ಮೂರಲ್ಲಿ ಹಂದಿ ಗದ್ದೆ ಉತ್ತು ಹಾಕಿದರೂ ಕೋವಿ ಎತ್ತುವ ಹಾಗಿಲ್ಲವಲ್ಲ? ಮುಂದಿನ ವರ್ಷ ಶಿಕಾರಿಗೆ ಬಾ ಎಂದು ಮಗನನ್ನೂ ಕರೆದಿದ್ದಾರೆ, ಹೋಗಬಹುದೇ?

ಉತ್ತರ: ಮೊದಲು ಗರಾಜಿನ ಜಿಂಕೆಯನ್ನೇ ನೋಡೋಣ. ಅದು ಅಲ್ಲಿ ತೂಗುವ ಹೊತ್ತಿಗೆ ಎಷ್ಟು ಕಟ್ಟಳೆ ದಾಟಿ ಬಂದಿರುತ್ತದೆ ಎಂಬುದು ಆಚೆ ನಿಂತು ನೋಡಿದವರಿಗೆ ಗೊತ್ತಾಗುವುದಿಲ್ಲ. ನಿಮ್ಮ ನೆರೆಯವರು ಆ ವರ್ಷದ ಲೈಸೆನ್ಸ್ ಕೊಂಡಿರಬೇಕು. 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಾದರೆ ಬೇಟೆಯ ತರಗತಿಗೆ ಕೂತು ಸರ್ಟಿಫಿಕೇಟ್ ಪಡೆದಿರಬೇಕು. ಕೋವಿಯ ಮುಖ್ಯ ಹಂಗಾಮು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ ಒಂಬತ್ತೇ ದಿನಕ್ಕೆ ಮುಗಿಯುತ್ತದೆ. ಆ ದಿನಗಳಲ್ಲಿ ಬೇಟೆಗೆ ಹೋದವರ ಮೈಮೇಲೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಬಟ್ಟೆ ಇರಲೇಬೇಕು; ಈಚಿನ ವರ್ಷಗಳಲ್ಲಿ ಗುಲಾಬಿಯೂ ನಡೆಯುತ್ತದೆ. ಗಂಡಿಗೆ ಬೇರೆ ಪರವಾನಗಿ, ಕೊಂಬಿಲ್ಲದ್ದಕ್ಕೆ ಬೇರೆ. ಹೊಡೆದದ್ದು ಕೈಗೆ ಸಿಕ್ಕ ಮರುದಿನ ಸಂಜೆ 5 ಗಂಟೆಯೊಳಗೆ ಫೋನಿನಲ್ಲೋ ಇಂಟರ್ನೆಟ್ಟಿನಲ್ಲೋ ನೋಂದಾಯಿಸಬೇಕು. ನೀವು ನೋಡುವ ಹೊತ್ತಿಗೆ ಅದಕ್ಕೆ ತಲೆ ಇರಲಿಲ್ಲವಾದರೆ ಗಾಬರಿ ಬೇಡ. ಜಿಂಕೆಗಳ ಮಿದುಳನ್ನು ತಿಂದುಹಾಕುವ ಒಂದು ಕಾಯಿಲೆ (ಇಲ್ಲಿ ಸಿ.ಡಬ್ಲ್ಯೂ.ಡಿ. ಎನ್ನುತ್ತಾರೆ) 2002ರಲ್ಲಿ ಈ ರಾಜ್ಯದಲ್ಲಿ ಪತ್ತೆಯಾಯಿತು. ಅಂದಿನಿಂದ ಬೇಟೆಗಾರರು ತಲೆ ಕತ್ತರಿಸಿ ಚೀಲದಲ್ಲಿ ಕಟ್ಟಿ, ರಸ್ತೆ ಬದಿಯಲ್ಲಿ ಇಲಾಖೆ ಇಟ್ಟಿರುವ ಪೆಟ್ಟಿಗೆಗೆ ಹಾಕಿ ಬರುತ್ತಾರೆ. ಪರೀಕ್ಷೆ ಪುಕ್ಕಟೆ.

ಇಷ್ಟನ್ನೂ ಮಾಡಿಸುವುದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ. ಜನರ ಬಾಯಲ್ಲಿ ಅದು ಡಿ.ಎನ್.ಆರ್. ದಿಲ್ಲಿಯ ಹಾಗೆ ವಾಷಿಂಗ್ಟನ್ನಿನಿಂದ ಬರುವ ಕಾನೂನು ಇಲ್ಲಿ ಎಲ್ಲಕ್ಕೂ ಇಲ್ಲ. ವಲಸೆ ಹಕ್ಕಿಗಳು 1918ರ ಕಾಯ್ದೆಯಡಿ ಕೇಂದ್ರದ ಹಿಡಿತಕ್ಕೆ ಬರುತ್ತವೆ, ಅಳಿವಿನಂಚಿಗೆ ಬಂದ ಪ್ರಾಣಿಗಳು 1973ರ ಇನ್ನೊಂದು ಕಾಯ್ದೆಯಡಿ. ಜಿಂಕೆ, ಕರಡಿ, ಮೊಲ, ಕೆರೆಯ ಮೀನು ಎಲ್ಲವೂ ರಾಜ್ಯದ್ದೇ ಪಾರುಪತ್ಯ.

ಈಗ ಸ್ವತ್ತಿನ ಮಾತು. ರಾಜ್ಯದೊಳಗಿನ ಎಲ್ಲ ಕಾಡುಪ್ರಾಣಿಗಳ ಒಡೆತನ, ಪಾಲನೆ, ರಕ್ಷಣೆ ಮೂರೂ ರಾಜ್ಯಕ್ಕೆ ಸೇರಿದ್ದು ಎಂದು ವಿಸ್ಕಾನ್ಸಿನ್ ಕಾನೂನು ನೇರವಾಗಿ ಹೇಳುತ್ತದೆ. ಇದರ ಬೇರು ಇಂಗ್ಲೆಂಡಿನಲ್ಲಿದೆ. ಅಲ್ಲಿ ಪ್ರಾಣಿ, ನೀರು ಎಲ್ಲ ದೊರೆಯದು. ಅಮೆರಿಕ ಸ್ವತಂತ್ರವಾದಾಗ ದೊರೆಯ ಜಾಗಕ್ಕೆ ಆಯಾ ರಾಜ್ಯದ ಪ್ರಜೆಗಳು ಬಂದರು ಎಂದು 1842ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1896ರಲ್ಲಿ ಇನ್ನೂ ಮುಂದೆ ಹೋಗಿ, ಪ್ರಾಣಿಗಳ ಒಡೆಯ ರಾಜ್ಯವೇ ಎಂದಿತು. 83 ವರ್ಷದ ಮೇಲೆ ಆ ಮಾತನ್ನು ತಾನೇ ಹಿಂದಕ್ಕೆ ತೆಗೆದುಕೊಂಡಿತು. ಕಾರಣ ಗಾಳಕ್ಕೆ ಸಿಕ್ಕಿಸುವ ಮರಿಮೀನು! ಒಕ್ಲಹೋಮದಲ್ಲಿ ಹಿಡಿದ ಮರಿಮೀನನ್ನು ಟೆಕ್ಸಸ್‌ಗೆ ಸಾಗಿಸಿದವನೊಬ್ಬನ ಮೇಲೆ ಕೇಸು ಬಿದ್ದಿತ್ತು. ಹಾರುವ ಹಕ್ಕಿಗೆ, ಈಜುವ ಮೀನಿಗೆ ಒಡೆಯ ಎನ್ನುವುದು ಮಾತಿಗೆ ಹೇಳುವುದು, ನಿಜವಾಗಿ ರಾಜ್ಯಕ್ಕಿರುವುದು ಅವನ್ನು ಕಾಪಾಡುವ, ಬಳಕೆಗೆ ಕಟ್ಟು ಹಾಕುವ ಅಧಿಕಾರ ಎಂಬ ಅರ್ಥದ ತೀರ್ಪು 1979ರಲ್ಲಿ ಬಂತು.

ನಮ್ಮ ಕಡೆಯ ಹೋಲಿಕೆ ಬೇಕಿದ್ದರೆ ದೇವಸ್ಥಾನದ ಆಸ್ತಿ ನೆನೆಯಿರಿ. ತೋಟ ದೇವರದು, ಮೊಕ್ತೇಸರರು ನೋಡಿಕೊಳ್ಳುವವರು. ಅವರು ಅದನ್ನು ಮಾರಿಕೊಳ್ಳುವಂತಿಲ್ಲ, ಪಾಳು ಬಿಡುವಂತಿಲ್ಲ, ಲೆಕ್ಕ ಕೊಡದೆ ಇರುವಂತಿಲ್ಲ. ಇಲ್ಲಿ ದೇವರ ಜಾಗದಲ್ಲಿ ರಾಜ್ಯದ ಜನ, ಮೊಕ್ತೇಸರನ ಜಾಗದಲ್ಲಿ ಡಿ.ಎನ್.ಆರ್. ಕಾಡಿನಲ್ಲಿ ಓಡುತ್ತಿರುವಾಗ ಜಿಂಕೆ ನೆರೆಯವರದಲ್ಲ, ಅದು ಮೇಯುತ್ತಿರುವ ಹೊಲದ ರೈತನದೂ ಅಲ್ಲ. ಕ್ರಮಬದ್ಧವಾಗಿ ಹೊಡೆದ ಮೇಲಷ್ಟೇ ಅವರದಾಗುತ್ತದೆ. ಆಗಲೂ ಪೂರ್ತಿಯಾಗಿ ಅಲ್ಲ. ನಿಮಗೆ ಎರಡು ಪೌಂಡು ಮಾಂಸ ದಾನ ಕೊಡಬಹುದು, ಮಾರಿದರೆ ಅಪರಾಧ.

ಮಾರಬಾರದೆಂಬ ಈ ಕಟ್ಟಿನ ಹಿಂದೆ ಒಂದು ಹಕ್ಕಿಯ ಸಾವಿದೆ. 1871ರ ವಸಂತದಲ್ಲಿ ವಿಸ್ಕಾನ್ಸಿನ್‌ನ ನಡುಭಾಗದಲ್ಲಿ ಪ್ಯಾಸೆಂಜರ್ ಪಾರಿವಾಳಗಳು ಗೂಡು ಕಟ್ಟಿದ ಕಾಡಿನ ಹರವು 850 ಚದರ ಮೈಲಿ. ಹಕ್ಕಿಗಳು 13 ಕೋಟಿಗೂ ಹೆಚ್ಚು ಎಂದು ಆಮೇಲೆ ಲೆಕ್ಕ ಹಾಕಿದ್ದಾರೆ. ಕೋವಿ, ಬಲೆ, ಕೋಲು ಹಿಡಿದು ಜನ ರೈಲಿನಲ್ಲಿ ಬಂದರು. ಪೀಪಾಯಿಗಳಲ್ಲಿ ತುಂಬಿದ ಹಕ್ಕಿ ದೊಡ್ಡ ಪಟ್ಟಣಗಳ ಮಾರುಕಟ್ಟೆಗೆ ಹೋಯಿತು. 28 ವರ್ಷ ಕಳೆದು, 1899ರಲ್ಲಿ, ಈ ರಾಜ್ಯದ ಕೊನೆಯ ಕಾಡು ಪಾರಿವಾಳವನ್ನು ಬ್ಯಾಬ್‌ಕಾಕ್ ಎಂಬಲ್ಲಿ ಹೊಡೆದರು. ಆ ಜಾತಿಯ ಕಟ್ಟಕಡೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದ ಪಂಜರದಲ್ಲಿ ಸತ್ತಿತು. ಯಾರದೂ ಅಲ್ಲದ್ದನ್ನು ಯಾರು ಬೇಕಾದರೂ ಹೊಡೆದು ಮಾರಬಹುದು ಎಂದರೆ ಏನಾಗುತ್ತದೆಂದು ಈ ದೇಶ ಕಲಿತದ್ದು ಹೀಗೆ. ಹಂಗಾಮು, ಮಿತಿ, ವಾರ್ಡನ್ ಎಲ್ಲ ಗಟ್ಟಿಯಾದದ್ದು ಆ ಪೆಟ್ಟಿನ ಮೇಲೆ.

ಇನ್ನು ಸಂವಿಧಾನದ ಹಕ್ಕು. ನೆರೆಯವರು ಹೇಳಿದ್ದು ಸುಳ್ಳಲ್ಲ. ಬೇಟೆ ಮತ್ತು ಮೀನು ಹಿಡಿಯುವ ಸ್ವಾತಂತ್ರ್ಯವನ್ನು ವೆರ್ಮಾಂಟ್ ರಾಜ್ಯ 1777ರಷ್ಟು ಹಿಂದೆಯೇ ತನ್ನ ಸಂವಿಧಾನದಲ್ಲಿ ಬರೆದುಕೊಂಡಿತ್ತು. ಆಮೇಲೆ ಬಹುಕಾಲ ಹೆಚ್ಚಿನವರು ಅದರ ಗೋಜಿಗೆ ಹೋಗಲಿಲ್ಲ. 1996ರಲ್ಲಿ ಅಲಬಾಮಾ, 1998ರಲ್ಲಿ ಮಿನೆಸೋಟ, ಹೀಗೆ ಸಾಲು ಹಿಡಿದು 2024ರ ನವೆಂಬರಿನಲ್ಲಿ ಫ್ಲಾರಿಡಾದವರೆಗೆ ಬಂದಿದೆ. ವಿಸ್ಕಾನ್ಸಿನ್ ಮತದಾರರು ಒಪ್ಪಿದ್ದು 2003ರ ಏಪ್ರಿಲ್‌ನಲ್ಲಿ, ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಮತದಿಂದ. ಎಲ್ಲ ಕಡೆಯೂ ಹೀಗೇ ಆಯಿತೆಂದಲ್ಲ, 2010ರಲ್ಲಿ ಅರಿಜೋನಾದ ಜನ ಬೇಡವೆಂದರು.

ಆದರೆ ವಿಸ್ಕಾನ್ಸಿನ್‌ನ ಆ ಒಂದೇ ವಾಕ್ಯದಲ್ಲಿ ‘ಕಾನೂನು ವಿಧಿಸುವ ನ್ಯಾಯವಾದ ನಿರ್ಬಂಧಗಳಿಗೆ ಒಳಪಟ್ಟು’ ಎಂಬ ಅರ್ಥದ ಮಾತು ಇದೆ. ಅದನ್ನು ನೆರೆಯವರು ನಿಮಗೆ ಹೇಳಿರಲಿಕ್ಕಿಲ್ಲ. ಅದರ ತೂಕ ತಿಳಿದದ್ದು ಮರುವರ್ಷ. ಮೋರ್ನಿಂಗ್ ಡವ್ ಎಂಬ ಪುಟ್ಟ ಪಾರಿವಾಳಕ್ಕೆ ಇಲಾಖೆ ಅದಕ್ಕೂ ಮುಂಚೆಯೇ ಬೇಟೆಯ ಹಂಗಾಮು ಗೊತ್ತುಮಾಡಿತ್ತು. ತಮಾಷೆ ಏನೆಂದರೆ ಅದು ಈ ರಾಜ್ಯದ ಶಾಂತಿಯ ಲಾಂಛನ. ಜನ ಕೋರ್ಟಿಗೆ ಹೋಗಿದ್ದರು. 2004ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇಲಾಖೆಗೆ ಆ ಅಧಿಕಾರ ಇದೆ ಎಂದಿತು. ಜೊತೆಗೆ, ಹೊಸ ತಿದ್ದುಪಡಿಯ ಮೇಲೂ ರಾಜ್ಯದ ನಿಯಂತ್ರಣಾಧಿಕಾರ ಮುಂದುವರಿಯುತ್ತದೆ, ಆದರೆ ಹಾಕುವ ನಿರ್ಬಂಧ ನ್ಯಾಯವಾಗಿರಬೇಕು ಎಂಬ ಮಿತಿ ಅದಕ್ಕೆ ಬಿದ್ದಿದೆ ಎಂದೂ ಸೇರಿಸಿತು. ಹಾಗಾಗಿ ನಿಮ್ಮ ‘ಹಕ್ಕು ಎಂದಮೇಲೆ ಲೈಸೆನ್ಸ್ ಯಾಕೆ’ ಎಂಬುದಕ್ಕೆ ಉತ್ತರ: ಹಕ್ಕು ಇರುವುದು ಪಾಲು ಕೇಳಲಿಕ್ಕೆ. ಪಾಲು ಎಷ್ಟು, ಯಾವಾಗ, ಯಾವುದರಿಂದ ಎನ್ನುವುದು ಮೊಕ್ತೇಸರನ ಕೈಯಲ್ಲಿ. ನನ್ನನ್ನು ಕೇಳಿದರೆ ಈ ತಿದ್ದುಪಡಿಗಳಲ್ಲಿ ಕಾನೂನಿಗಿಂತ ರಾಜಕೀಯವೇ ಹೆಚ್ಚು. ನಾಳೆ ಯಾರಾದರೂ ಬೇಟೆಯನ್ನು ಪೂರಾ ನಿಲ್ಲಿಸಿಯಾರು ಎಂಬ ಅಂಜಿಕೆಗೆ ಕಟ್ಟಿದ ಬೇಲಿ.

‘ನಮ್ಮ ದುಡ್ಡಿನಿಂದ ಕಾಡು ಉಳಿದಿದೆ’ ಎನ್ನುವುದು ಮುಕ್ಕಾಲು ನಿಜ. 1937ರ ಒಂದು ಕಾಯ್ದೆಯಂತೆ ಉದ್ದ ಕೋವಿ ಮತ್ತು ಮದ್ದುಗುಂಡಿನ ಮೇಲೆ ಶೇ. 11, ಪಿಸ್ತೂಲಿನ ಮೇಲೆ ಶೇ. 10 ಕೇಂದ್ರ ಸುಂಕ. 1950ರಲ್ಲಿ ಗಾಳ, ರಾಟೆ, ಕೋಲಿನ ಮೇಲೂ ಶೇ. 10 ಹಾಕಿದರು. ಬಂದದ್ದನ್ನು ರಾಜ್ಯಗಳಿಗೆ ಹಂಚುವಾಗ ನೆಲದ ವಿಸ್ತಾರದ ಜೊತೆಗೆ ಆ ರಾಜ್ಯದಲ್ಲಿ ಲೈಸೆನ್ಸ್ ಪಡೆದವರು ಎಷ್ಟು ಮಂದಿ ಎಂಬುದನ್ನೂ ನೋಡುತ್ತಾರೆ. ಸಾಮಾನ್ಯವಾಗಿ ಕೇಂದ್ರ ಮೂರು ಪಾಲು ಕೊಟ್ಟರೆ ರಾಜ್ಯ ಒಂದು ಪಾಲು ಹಾಕಬೇಕು. ಇನ್ನೊಂದು ಜಾಣ ಷರತ್ತಿದೆ: ಲೈಸೆನ್ಸಿನ ದುಡ್ಡನ್ನು ರಸ್ತೆಗೋ ಸಂಬಳಕ್ಕೋ ಬೇರೆ ಕಡೆ ತಿರುಗಿಸಿದರೆ ಕೇಂದ್ರದ ಪಾಲಿಗೆ ಕುತ್ತು. 1900ರ ಸುಮಾರಿಗೆ ದೇಶದಲ್ಲಿ ಐದು ಲಕ್ಷಕ್ಕೆ ಇಳಿದಿದ್ದ ಬಿಳಿಬಾಲದ ಜಿಂಕೆ ಈಗ ಮೂರು ಕೋಟಿಯ ಆಸುಪಾಸು ಬಂದಿರುವುದರಲ್ಲಿ ಈ ಹಣದ ಪಾತ್ರ ಇದೆ.

ಉಳಿದ ಕಾಲು ಭಾಗ ನನಗೆ ಕಸಿವಿಸಿ. ಆ ಸುಂಕ ಕೊಡುವವರಲ್ಲಿ ಬರೀ ಗುರಿ ಅಭ್ಯಾಸಕ್ಕೆ ಗುಂಡು ಹಾರಿಸುವ, ಜನ್ಮದಲ್ಲಿ ಜಿಂಕೆಯತ್ತ ಕೋವಿ ಎತ್ತದ ಎಷ್ಟೋ ಜನರಿದ್ದಾರೆ. ಅದಕ್ಕಿಂತ ದೊಡ್ಡ ತೊಡಕು, ಲೈಸೆನ್ಸ್ ಕೊಂಡವರ ದುಡ್ಡಿನಲ್ಲಿ ನಡೆಯುವ ಇಲಾಖೆಗೆ ಲೈಸೆನ್ಸ್ ಕೊಂಡವರ ದನಿಯೇ ಮೊದಲು ಕೇಳಿಸುತ್ತದೆ. ಹಕ್ಕಿ ನೋಡುವವರು, ಸುಮ್ಮನೆ ಕಾಡಿನಲ್ಲಿ ನಡೆಯುವವರು ಕೂಡ ಆ ದೇವರ ತೋಟದ ಪಾಲುದಾರರೇ. ಕಾಣಿಕೆ ಡಬ್ಬಿಗೆ ಹಾಕದವರ ಮಾತಿಗೆ ಬೆಲೆ ಕಡಿಮೆ.

ಆದರೂ ಕೇಳುವ ಏರ್ಪಾಡು ಒಂದಿದೆ, ಅದು ನನಗೆ ಇಷ್ಟ. 1934ರಿಂದ ಇಲ್ಲಿ ಕನ್ಸರ್ವೇಶನ್ ಕಾಂಗ್ರೆಸ್ ಎಂಬ, ಇಲಾಖೆಗೆ ಸಲಹೆ ಕೊಡುವ ಜನರ ಸಂಸ್ಥೆ ನಡೆದುಕೊಂಡು ಬಂದಿದೆ. ಪ್ರತಿ ಏಪ್ರಿಲ್‌ನಲ್ಲಿ 72 ಜಿಲ್ಲೆಗಳಲ್ಲೂ ಸಭೆ. ಒಮ್ಮೆ ಹೋಗಿ ಕೂತಿದ್ದೆ. ಹೈಸ್ಕೂಲಿನ ಊಟದ ಹಾಲ್, ಮಡಚುವ ಕುರ್ಚಿ, ಗ್ರಾಮಸಭೆಯದೇ ಗದ್ದಲ. ಟೋಪಿ ಹಾಕಿಕೊಂಡ ಅಜ್ಜ ಒಬ್ಬರು ಒಂದು ಕೆರೆಯ ಮೀನಿನ ಅಳತೆ ಒಂದು ಇಂಚು ಹೆಚ್ಚಿಸಬೇಕೋ ಬೇಡವೋ ಎಂದು ಹತ್ತು ನಿಮಿಷ ವಾದಿಸಿದರು. ಯಾರೂ ನಗಲಿಲ್ಲ. 2005ರಲ್ಲಿ ಇದೇ ಸಭೆಗಳಲ್ಲಿ, ಹಕ್ಕಿ ತಿನ್ನುವ ಬೀಡಾಡಿ ಬೆಕ್ಕುಗಳಿಗೆ ರಕ್ಷಣೆ ಇಲ್ಲವೆಂದು ಸಾರಬೇಕೇ ಎಂಬ ಪ್ರಶ್ನೆಗೆ ಹೌದು ಎಂದವರೇ ಹೆಚ್ಚಾದರು! ದೇಶವಿಡೀ ರಂಪವಾಗಿ ಅದು ಅಲ್ಲಿಗೇ ನಿಂತಿತು. ಈ ಮತ ಬರೀ ಸಲಹೆ, ಕಾನೂನಲ್ಲ.

ಮೊಕ್ತೇಸರಿಕೆ ಎಲ್ಲಿ ಜಾರುತ್ತದೆ ಎಂದು ನೋಡಲು 2021ರ ಫೆಬ್ರವರಿಗೆ ಹೋಗಬೇಕು. ಆ ಜನವರಿಯಲ್ಲಿ ಕೇಂದ್ರವು ತೋಳವನ್ನು ಅಳಿವಿನಂಚಿನ ಪಟ್ಟಿಯಿಂದ ತೆಗೆಯಿತು. ಪಟ್ಟಿಯಲ್ಲಿ ಇಲ್ಲದಿದ್ದಾಗ ತೋಳದ ಹಂಗಾಮು ನಡೆಸಲೇಬೇಕೆಂದು ರಾಜ್ಯದ ಕಾಯ್ದೆ ಇದೆ. ನವೆಂಬರಿಗೆ ತಯಾರಿ ಮಾಡಿಕೊಳ್ಳುತ್ತೇವೆ ಎಂದ ಇಲಾಖೆಯನ್ನು ಹೊರರಾಜ್ಯದ ಒಂದು ಬೇಟೆಗಾರರ ಸಂಘ ಕೋರ್ಟಿಗೆಳೆಯಿತು, ಈಗಲೇ ನಡೆಸಿ ಎಂದು ನ್ಯಾಯಾಧೀಶರು ಹೇಳಿದರು. ಒಟ್ಟು 200 ತೋಳ. ಅದರಲ್ಲಿ 119 ರಾಜ್ಯದ ಲೈಸೆನ್ಸ್‌ದಾರರಿಗೆ, 81 ಒಜಿಬ್ವೆ ಬುಡಕಟ್ಟುಗಳಿಗೆ. ತೋಳ ಅವರಿಗೆ ಒಡಹುಟ್ಟು. ತಮ್ಮ ಪಾಲಿನದನ್ನು ಅವರು ಹೊಡೆಯದೆ ಉಳಿಸಿಕೊಂಡರು. ಹಂಗಾಮು ಮುಚ್ಚಬೇಕೆಂದರೆ 24 ಗಂಟೆ ಮುಂಚೆ ಸಾರಬೇಕೆಂಬ ನಿಯಮ, ಕೆಳಗೆ ಹಸಿ ಹಿಮ, ಜಾಡು ಹಿಡಿಯುವ ನಾಯಿಗಳು. ಮೂರು ದಿನ ತುಂಬುವ ಮೊದಲೇ 218 ತೋಳ ಬಿದ್ದವು. ಬುಡಕಟ್ಟುಗಳು ಉಳಿಸಿಕೊಂಡ ಪಾಲೂ ಹೋಯಿತು, ಅದರ ಮೇಲೂ ಹದಿನೆಂಟು. ಮರುವರ್ಷ ಫೆಬ್ರವರಿಯಲ್ಲಿ ಒಂದು ಫೆಡರಲ್ (ಕೇಂದ್ರದ) ಕೋರ್ಟು ತೋಳವನ್ನು ಮತ್ತೆ ರಕ್ಷಣೆಯಡಿ ತಂದಿತು.

ಬುಡಕಟ್ಟಿನ ಹೆಸರು ಬಂದದ್ದರಿಂದ ಇದನ್ನೂ ಹೇಳಬೇಕು. ಈ ರಾಜ್ಯದಲ್ಲಿ ಸಂವಿಧಾನದ ತಿದ್ದುಪಡಿಗಿಂತ ಹಳೆಯ, ಅದಕ್ಕಿಂತ ಗಟ್ಟಿಯಾದ ಬೇಟೆಯ ಹಕ್ಕು ಇನ್ನೊಂದಿದೆ. 1837 ಮತ್ತು 1842ರ ಒಪ್ಪಂದಗಳಲ್ಲಿ ಒಜಿಬ್ವೆ ಜನ ಉತ್ತರದ ನೆಲ ಬಿಟ್ಟುಕೊಟ್ಟಾಗ, ಅಲ್ಲಿ ಬೇಟೆಯಾಡುವ, ಮೀನು ಹಿಡಿಯುವ, ಕೆರೆಯ ಕಾಡಕ್ಕಿ ಕೊಯ್ಯುವ ಹಕ್ಕನ್ನು ಇಟ್ಟುಕೊಂಡೇ ಬಿಟ್ಟಿದ್ದರು. ನೂರು ವರ್ಷ ರಾಜ್ಯ ಅದನ್ನು ಮರೆತಂತೆ ಇತ್ತು. 1974ರಲ್ಲಿ ಇಬ್ಬರು ಅಣ್ಣತಮ್ಮಂದಿರು ತಮ್ಮ ಮೀಸಲು ಪ್ರದೇಶದ ಗೆರೆ ದಾಟಿ, ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು ಭರ್ಜಿಯಿಂದ ಮೀನು ಚುಚ್ಚಿದರು, ವಾರ್ಡನ್ ಹಿಡಿದ. ಆ ಕೇಸು 1983ರಲ್ಲಿ ಒಜಿಬ್ವೆಗಳ ಪರ ತೀರ್ಮಾನವಾಯಿತು. ಮುಂದಿನ ಕೆಲವು ವಸಂತಗಳು ಕೆಟ್ಟವು. ವಾಲ್‌ಐ ಮೀನು ಮೊಟ್ಟೆ ಇಡಲು ದಡದ ಬಳಿ ಬರುವ ರಾತ್ರಿಗಳಲ್ಲಿ, ತಲೆಗೆ ದೀಪ ಕಟ್ಟಿಕೊಂಡು ದೋಣಿ ಇಳಿಸುವ ಬುಡಕಟ್ಟಿನವರ ಮೇಲೆ ದಡದಲ್ಲಿ ನೆರೆದವರು ಕಲ್ಲು ತೂರಿದರು, ಕೇಳಬಾರದ ಬೈಗುಳ ಬೈದರು. ಅಂಥವರನ್ನು ತಡೆದು ಹಕ್ಕನ್ನು ಕಾಯುವುದು ಕೂಡ ಸರ್ಕಾರದ ಹೊಣೆಯೇ. 1991ರ ಹೊತ್ತಿಗೆ ಕೋರ್ಟಿನ ತಡೆಯಾಜ್ಞೆ ಬಂದ ಮೇಲೆ ಗಲಾಟೆ ತಗ್ಗಿತು. ಇವತ್ತು ಆ ಕೆರೆಗಳ ಮೀನಿನ ಲೆಕ್ಕದಲ್ಲಿ ಬುಡಕಟ್ಟಿನವರ ಜೀವವಿಜ್ಞಾನಿಗಳೂ ಕೂತಿರುತ್ತಾರೆ. ನಮ್ಮಲ್ಲಿ ಮಳೆ ಹಿಡಿದಾಗ ಹತ್ತುಮೀನು ಹಿಡಿಯುವುದನ್ನು ನೋಡಿದವರಿಗೆ ಆ ವಸಂತದ ರಾತ್ರಿಗಳ ಹುರುಪು ಅರ್ಥವಾದೀತು.

ನಿಮ್ಮ ಹಂದಿಯ ವಿಷಯ. ಭಾರತದ 1972ರ ವನ್ಯಜೀವಿ ಕಾಯ್ದೆಯಲ್ಲೂ ಮೊದಲಿಗೆ ಲೈಸೆನ್ಸ್ ಪಡೆದು ಬೇಟೆಯಾಡುವ ಅಧ್ಯಾಯ ಇತ್ತು. 1991ರ ತಿದ್ದುಪಡಿಯಲ್ಲಿ ಅದನ್ನು ಕಿತ್ತುಹಾಕಿದರು. ಅದಕ್ಕೂ ಮುಂಚೆ, 1976ರಲ್ಲಿ, ಕಾಡುಪ್ರಾಣಿಯ ವಿಷಯ ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಹೋಗಿತ್ತು. ಮೀನುಗಾರಿಕೆ ಮಾತ್ರ ಈಗಲೂ ರಾಜ್ಯದ್ದೇ. ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯಲು 11ನೇ ಸೆಕ್ಷನ್ನಿನಡಿ ಅಧಿಕಾರಿ ಅನುಮತಿ ಕೊಡಬಹುದು. ಕೇರಳ ಆ ಅಧಿಕಾರವನ್ನು 2022ರಲ್ಲಿ ಪಂಚಾಯಿತಿ ಅಧ್ಯಕ್ಷರ ಮಟ್ಟಕ್ಕೆ ಇಳಿಸಿತು. ಆದರೆ ಹಾಗೆ ಹೊಡೆದ ಪ್ರಾಣಿಯೂ 39ನೇ ಸೆಕ್ಷನ್ನಿನಂತೆ ಸರ್ಕಾರದ್ದೇ ಸ್ವತ್ತು. ನಿಮ್ಮ ಅಂಗಳಕ್ಕೆ ಬರುವ ಹಾಗಿಲ್ಲ. ಕೊಡಗಿನವರ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ವಿನಾಯಿತಿ ಕೋವಿ ಇಟ್ಟುಕೊಳ್ಳಲಿಕ್ಕೆ, ಶಿಕಾರಿಗಲ್ಲ.

ವಿಸ್ಕಾನ್ಸಿನ್ ರೈತನಿಗೂ ಜಿಂಕೆ, ಕರಡಿಯ ಕಾಟ ತಪ್ಪಿಲ್ಲ. ಜೋಳದ ಹೊಲ ಮೇದದ್ದಕ್ಕೆ ಅವನಿಗೂ ಪರಿಹಾರ ಸಿಗುತ್ತದೆ, ಅದರ ಹಣ ಬೇಟೆ ಲೈಸೆನ್ಸಿನ ಮೇಲಿನ ಹೆಚ್ಚುವರಿ ಶುಲ್ಕದಿಂದ ಬರುತ್ತದೆ. ಪರಿಹಾರ ಬೇಕೆಂದರೆ ಅವನು ಹೊಲವನ್ನು ಬೇಟೆಗಾರರಿಗೆ ತೆರೆದಿಡಬೇಕು. ನನ್ನ ಪ್ರಕಾರ ನಮ್ಮವರು ಇಲ್ಲಿಂದ ಕಲಿಯುವುದಿದ್ದರೆ ಕೋವಿಯ ಹಂಗಾಮನ್ನಲ್ಲ. ಮಲೆನಾಡಿನ ಜನಸಂದಣಿಯಲ್ಲಿ, ಚೂರುಚೂರಾದ ಕಾಡಿನಲ್ಲಿ, ಉರುಳಿಗೆ ಚಿರತೆಯೂ ಬೀಳುವ ಕಡೆ, ಅದನ್ನು ಹಾಗೇ ತಂದು ನೆಡಲಿಕ್ಕೆ ಬರುವುದಿಲ್ಲ. ಯಾವ ಪ್ರಾಣಿ ಎಷ್ಟಿದೆ, ಎಷ್ಟು ಬೆಳೆ ಹೋಯಿತು, ದುಡ್ಡು ಎಲ್ಲಿಂದ ಬಂದು ಎಲ್ಲಿ ಹೋಯಿತು ಎಂದು ವರ್ಷವರ್ಷವೂ ಜನರ ಮುಂದೆ ಲೆಕ್ಕ ಇಡುವ ಆ ಊಟದ ಹಾಲಿನ ಸಭೆಯನ್ನು ಬೇಕಾದರೆ ತರಬಹುದು.

ಮಗ ಶಿಕಾರಿಗೆ ಹೋಗಬಹುದೇ? ಇಲ್ಲಿ ಜೋಪಾನ. ಅವರು ಗ್ರೀನ್ ಕಾರ್ಡ್ ಪಡೆದಿದ್ದರೆ ಈ ತೊಡಕಿಲ್ಲ. ಎಚ್-1ಬಿಯಂಥ ವೀಸಾದಲ್ಲಿದ್ದರೆ, ಕೋವಿಯಾಗಲಿ ಮದ್ದುಗುಂಡಾಗಲಿ ಕೈಯಲ್ಲಿ ಇರುವುದೇ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು ಯಾವುದು ಗೊತ್ತೇ? ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅಂದರೆ ನೆರೆಯವರಿಗೆ ಹಂಗಾಮಿನ ಕಾಗದವಾದದ್ದು ನಿಮ್ಮ ಮಗನಿಗೆ ಜೈಲಿನಿಂದ, ಗಡೀಪಾರಿನಿಂದ ಕಾಯುವ ಕಾಗದ. ತರಗತಿ ಮುಗಿಸಿ, ಲೈಸೆನ್ಸ್ ಕೈಗೆ ಬಂದು, ವಲಸೆ ವಕೀಲರಿಗೆ ತೋರಿಸಿ ಒಪ್ಪಿಗೆ ಪಡೆಯುವ ತನಕ ‘ಸ್ವಲ್ಪ ಹಿಡಿದು ನೋಡು’ ಎಂದು ಯಾರು ಚಾಚಿದರೂ ಕೋವಿ ಮುಟ್ಟುವುದು ಬೇಡ. ನಿಮ್ಮ ಪ್ರವಾಸಿ ವೀಸಾಕ್ಕೂ ಇದೇ ಮಾತು. ಬಿಲ್ಲುಬಾಣಕ್ಕೆ ಈ ಕಾನೂನು ಬರುವುದಿಲ್ಲ, ಬೇಟೆಯ ಲೈಸೆನ್ಸ್ ಮಾತ್ರ ಅದಕ್ಕೂ ಬೇಕು. ಖಾಸಗಿ ಜಮೀನಾದರೆ ಒಡೆಯನ ಅನುಮತಿಯೂ ಬೇಕು.

ಗಾಳದ್ದು ಸುಲಭ. ಇಲ್ಲಿ ದೋಣಿ ತೇಲುವಷ್ಟು ನೀರಿದ್ದರೆ ಆ ನೀರು ಸಾರ್ವಜನಿಕ. ಸಾರ್ವಜನಿಕ ಜಾಗದಿಂದ ಇಳಿದು ಕಾಲು ನೀರಿನಲ್ಲೇ ಇಟ್ಟುಕೊಂಡಿದ್ದರೆ ದಡದ ಮನೆಯವರು ಎಬ್ಬಿಸುವಂತಿಲ್ಲ. ಹದಿನಾರು ತುಂಬಿದವರಿಗೆ ಲೈಸೆನ್ಸ್ ಬೇಕು. ನೀವು ಹೊರಗಿನವರಾದ್ದರಿಂದ ದರ ಮಗನದಕ್ಕಿಂತ ಹೆಚ್ಚು. ಹೊರಗಿನವರಿಗೆ ಹೆಚ್ಚು ದರ ಹಾಕಬಹುದೆಂದು ಮೊಂಟಾನಾ ರಾಜ್ಯದ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಯ ಕೇಸಿನಲ್ಲಿ 1978ರಲ್ಲೇ ಸುಪ್ರೀಂ ಕೋರ್ಟ್ ಒಪ್ಪಿದೆ. ಒಂದು ದಿನದ್ದು, ನಾಲ್ಕು ದಿನದ್ದು, ಹದಿನೈದು ದಿನದ್ದು ಸಿಗುತ್ತದೆ, ವರ್ಷದ್ದು ನಿಮಗೆ ದುಂದು. ಅದೂ ಬೇಡವೆಂದರೆ ಜನವರಿಯ ಮೂರನೇ ವಾರಾಂತ್ಯ ಕಾಯಿರಿ. ಆ ಎರಡು ದಿನ ಯಾರಿಗೂ ಲೈಸೆನ್ಸ್ ಬೇಡ. ಎಷ್ಟು ಮೀನು, ಎಷ್ಟು ಉದ್ದ ಎಂಬ ಮಿತಿಗಳು ಮಾತ್ರ ಹಾಗೇ ಇರುತ್ತವೆ. ಆಗ ಕೆರೆ ಕಲ್ಲಾಗಿರುತ್ತದೆ. ನೆರೆಯವರ ಹತ್ತಿರ ಹಿಮ ಕೊರೆಯುವ ಬೈರಿಗೆ ಖಂಡಿತ ಇರುತ್ತದೆ, ಕೇಳಿ ನೋಡಿ. ಎರಡು ಜೊತೆ ಉಣ್ಣೆಯ ಕಾಲುಚೀಲ ಮರೆಯಬೇಡಿ.